ಮಣ್ಣಿನ ಹಕ್ಕಿಗೆ ಗುರಿಯಿಡುವ ಕೋವಿ: ಆಯ್ಕೆ, ಅಳತೆ, ಹೊಂದಾಣಿಕೆ

ಮಂಗಲ್ಪಾಡಿ: 2024ರ ಆಗಸ್ಟ್ ತಿಂಗಳಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ನಡೆಯುತ್ತಿದ್ದಾಗ, ಸ್ಕೀಟ್ ಮಿಶ್ರ ತಂಡ ಸ್ಪರ್ಧೆಯಲ್ಲಿ ಮಹೇಶ್ವರಿ ಚೌಹಾಣ್ ಮತ್ತು ಅನಂತಜೀತ್ ಸಿಂಗ್ ನರೂಕಾ ಅವರ ಜೋಡಿಗೆ ಕಂಚಿನ ಪದಕ ಒಂದೇ ಒಂದು ಅಂಕದಿಂದ ತಪ್ಪಿಹೋಯಿತು. ಚೀನಾದ ಜೋಡಿ 44 ತಟ್ಟೆಗಳನ್ನು ಒಡೆದರೆ, ನಮ್ಮವರು 43 ಒಡೆದಿದ್ದರು. ಮರುದಿನ ತರಗತಿಯಲ್ಲಿ ಆ ವಿಷಯ ಬಂದಾಗ ಹುಡುಗನೊಬ್ಬ ಎದ್ದು ನಿಂತು, "ಸರ್, ನಮ್ಮ ಅಜ್ಜನ ಮನೆಯಲ್ಲಿಯೂ ಜೋಡು ನಳಿಗೆಯ ಬೆಡಿ ಉಂಟು. ಅದರಲ್ಲಿ ಅಭ್ಯಾಸ ಮಾಡಬಹುದಾ?" ಎಂದು ಕೇಳಿದ.

ಆ ಪ್ರಶ್ನೆಗೆ ಒಂದೇ ಮಾತಿನ ಉತ್ತರ "ಬೇಡ" ಎಂಬುದು. ಆದರೆ ಏಕೆ ಬೇಡ, ಹಾಗಾದರೆ ಯಾವುದು ಬೇಕು, ಅದನ್ನು ಮೈಗೆ ಹೊಂದಿಸಿಕೊಳ್ಳುವುದು ಹೇಗೆ, ಕಾನೂನು ಏನನ್ನುತ್ತದೆ ಎಂಬುದನ್ನು ತಿಳಿಸದೆ "ಬೇಡ" ಎಂದಷ್ಟೇ ಹೇಳಿದರೆ ಮಕ್ಕಳು ಒಪ್ಪುವುದಿಲ್ಲ. ತುಳುವಿನಲ್ಲಿ ಬೆಡಿ, ಮಲಯಾಳದಲ್ಲಿ ತೋಕ್ಕ್, ಕೊಡವರಲ್ಲಿ ತೋಕ್, ಕನ್ನಡದಲ್ಲಿ ಕೋವಿ ಅಥವಾ ಬಂದೂಕು. ಹೆಸರು ಹಲವಿದ್ದರೂ ಈ ಕ್ರೀಡೆಯ ಬಗ್ಗೆ ನಮ್ಮ ಮಕ್ಕಳು ಕನ್ನಡದಲ್ಲಿ ಓದಬಹುದಾದ ಮಾಹಿತಿ ಬಹಳ ಕಡಿಮೆ. ಆ ಕೊರತೆಯನ್ನು ಕಿಂಚಿತ್ತಾದರೂ ತುಂಬುವ ಉದ್ದೇಶದಿಂದ ಈ ಲೇಖನವನ್ನು ಸಿದ್ಧಪಡಿಸಿದ್ದೇವೆ.

ಆಟದ ಸ್ವರೂಪ

ಹಿಂದೆ ಯುರೋಪಿನಲ್ಲಿ ಪೆಟ್ಟಿಗೆಯಿಂದ ಜೀವಂತ ಪಾರಿವಾಳಗಳನ್ನು ಹಾರಿಬಿಟ್ಟು ಹೊಡೆಯುವ ಸ್ಪರ್ಧೆಗಳಿದ್ದವು. 1900ರ ಪ್ಯಾರಿಸ್ ಕೂಟದಲ್ಲಿಯೂ ಅದು ನಡೆದಿತ್ತು. ಆ ಕ್ರೌರ್ಯವನ್ನು ತಪ್ಪಿಸಿದ್ದು ಮಣ್ಣಿನ ತಟ್ಟೆ. 1880ರಲ್ಲಿ ಅಮೆರಿಕದ ಸಿನ್ಸಿನಾಟಿಯ ಜಾರ್ಜ್ ಲಿಗೋವ್‌ಸ್ಕಿ ಎಂಬವರು ಇದಕ್ಕೆ ಪೇಟೆಂಟ್ ಪಡೆದರು. ಹೆಸರಿಗೆ ಮಣ್ಣಿನದಾದರೂ ಇಂದಿನ ತಟ್ಟೆಯನ್ನು ಸುಣ್ಣಕಲ್ಲಿನ ಪುಡಿ ಮತ್ತು ಡಾಂಬರಿನಂಥ ಅಂಟಿನಿಂದ ಮಾಡುತ್ತಾರೆ. ಅಂತಾರಾಷ್ಟ್ರೀಯ ಅಳತೆಯ ತಟ್ಟೆ 110 ಮಿಲಿಮೀಟರ್ ಅಗಲ, ಸುಮಾರು 105 ಗ್ರಾಂ ತೂಕ. ಅಂದರೆ ಅಂಗೈಯಗಲದ ಒಂದು ಬಿಲ್ಲೆ.

ಒಲಿಂಪಿಕ್ಸ್‌ನಲ್ಲಿ ಈಗ ಎರಡು ವಿಧಗಳಿವೆ. ಟ್ರ್ಯಾಪ್‌ನಲ್ಲಿ ಸ್ಪರ್ಧಿಯ ಮುಂದೆ 15 ಮೀಟರ್ ದೂರದ ಕಂದಕದಲ್ಲಿ 15 ಯಂತ್ರಗಳಿರುತ್ತವೆ. ಸ್ಪರ್ಧಿ ಕೋವಿಯನ್ನು ಹೆಗಲಿಗಿಟ್ಟು ಕೂಗಿದೊಡನೆ ಅವುಗಳಲ್ಲೊಂದರಿಂದ ತಟ್ಟೆ ಚಿಮ್ಮಿ ದೂರ ಸಾಗುತ್ತದೆ. ಯಾವ ದಿಕ್ಕಿಗೆ ಎಂಬುದು ಮೊದಲೇ ತಿಳಿದಿರುವುದಿಲ್ಲ. ಸ್ಕೀಟ್‌ನಲ್ಲಿ ಎತ್ತರದ ಹಾಗೂ ತಗ್ಗಿನ ಎರಡು ಗೂಡುಗಳಿಂದ ತಟ್ಟೆಗಳು ಅಡ್ಡಲಾಗಿ ಹಾರುತ್ತವೆ. ಎಂಟು ನಿಲ್ದಾಣಗಳಿಂದ ಹೊಡೆಯಬೇಕು. ತಟ್ಟೆ ಕಾಣಿಸುವವರೆಗೂ ಕೋವಿಯ ಹಿಡಿ ಸೊಂಟದ ಬಳಿಯೇ ಇರಬೇಕು. ಎರಡರಲ್ಲಿಯೂ ಒಂದು ಸುತ್ತಿಗೆ 25 ತಟ್ಟೆಗಳು.

ನಮ್ಮ ದೇಶದ ಹೆಸರು ಈ ಕ್ರೀಡೆಯಲ್ಲಿ ಚಿಕ್ಕದೇನಲ್ಲ. ಬಿಕಾನೇರಿನ ಡಾ. ಕರ್ಣಿ ಸಿಂಗ್ 1962ರ ವಿಶ್ವ ಚಾಂಪಿಯನ್‌ಷಿಪ್‌ನ ಟ್ರ್ಯಾಪ್‌ನಲ್ಲಿ ಬೆಳ್ಳಿ ಪಡೆದರು. ದೆಹಲಿಯ ತುಘಲಕಾಬಾದಿನ ಶೂಟಿಂಗ್ ರೇಂಜ್‌ಗೆ ಅವರ ಹೆಸರಿದೆ. 2004ರ ಅಥೆನ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಠೋಡ್ ಡಬಲ್ ಟ್ರ್ಯಾಪ್‌ನಲ್ಲಿ ಬೆಳ್ಳಿ ಗೆದ್ದರು. 2006ರಲ್ಲಿ ಮಾನವಜೀತ್ ಸಿಂಗ್ ಸಂಧು ಟ್ರ್ಯಾಪ್ ವಿಶ್ವ ಚಾಂಪಿಯನ್ ಆದರು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಕೈನಾನ್ ಚೆನಾಯ್, ಜೋರಾವರ್ ಸಿಂಗ್ ಸಂಧು, ಪೃಥ್ವಿರಾಜ್ ತೊಂಡೈಮಾನ್ ಅವರ ತಂಡ ಚಿನ್ನ ಗೆದ್ದಿತು. ಹೆಣ್ಣುಮಕ್ಕಳ ತಂದೆತಾಯಂದಿರು ಇನ್ನೊಂದು ವಿಷಯವನ್ನು ಗಮನಿಸಬೇಕು. 1992ರ ಬಾರ್ಸಿಲೋನಾದಲ್ಲಿ ಸ್ಕೀಟ್ ಸ್ಪರ್ಧೆ ಗಂಡು ಹೆಣ್ಣು ಎಂಬ ಭೇದವಿಲ್ಲದೆ ನಡೆದಾಗ, ಚಿನ್ನ ಗೆದ್ದವರು ಚೀನಾದ ಝಾಂಗ್ ಶಾನ್ ಎಂಬ ಮಹಿಳೆ.

ಅಜ್ಜನ ಮನೆಯ ಕೋವಿ ಏಕೆ ಬೇಡ?

ನಮ್ಮ ಭಾಗದ ಅಡಿಕೆ ತೋಟಗಳ ಮನೆಗಳಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿಗಳಿವೆ. ಅವು ಕೇಪಿನ ಕೋವಿಗಳಾಗಿರಬಹುದು, ಒಂಟಿ ನಳಿಗೆಯ ಅಥವಾ ಅಕ್ಕಪಕ್ಕ ಜೋಡು ನಳಿಗೆಯ ತೋಟಾ ಕೋವಿಗಳಾಗಿರಬಹುದು. ಅವುಗಳನ್ನು ಕ್ರೀಡೆಗೆ ಬಳಸದಿರಲು ಮೂರು ಕಾರಣಗಳಿವೆ.

ಮೊದಲನೆಯದು ಜೀವಕ್ಕೆ ಸಂಬಂಧಿಸಿದ್ದು. ಹಳೆಯ ಕೋವಿಗಳಲ್ಲಿ ಎಷ್ಟೋ 65 ಮಿಲಿಮೀಟರ್ ಉದ್ದದ ತೋಟಾಗಳಿಗಾಗಿ ಮಾಡಿದವು. ಇಂದಿನ ಸ್ಪರ್ಧಾ ತೋಟಾದ ಉದ್ದ 70 ಮಿಲಿಮೀಟರ್. ತೋಟಾದ ಮೇಲೆ ಬರೆದ ಉದ್ದವು ಅದು ಸಿಡಿದು ಬಾಯಿ ಬಿಚ್ಚಿಕೊಂಡ ನಂತರದ ಉದ್ದ. ಆದುದರಿಂದ ಸಿಡಿಯದ ಉದ್ದ ತೋಟಾ ಹಳೆಯ ಕೋವಿಯೊಳಗೆ ಸಲೀಸಾಗಿ ಕೂರುತ್ತದೆ. ಎಲ್ಲವೂ ಸರಿಯಿದೆ ಎಂದು ತೋರುತ್ತದೆ. ಹಾರಿಸಿದಾಗ ಮಾತ್ರ ಅದರ ಬಾಯಿ ನಳಿಗೆಯ ಕಿರಿದಾದ ಭಾಗದಲ್ಲಿ ಬಿಚ್ಚಿಕೊಂಡು ಒಳಗಿನ ಒತ್ತಡ ಏರುತ್ತದೆ. ಕಬ್ಬಿಣದ ಪಟ್ಟಿಗಳನ್ನು ಸುರುಳಿ ಸುತ್ತಿ ಬೆಸೆದು ಮಾಡಿದ ಹಳೆಯ ನಳಿಗೆಗಳಿದ್ದರಂತೂ ಅಪಾಯ ಇನ್ನೂ ಹೆಚ್ಚು.

ಎರಡನೆಯದು ಕಾನೂನು. ಬೆಳೆ ರಕ್ಷಣೆಗೆ ಕೊಟ್ಟ ಪರವಾನಗಿ ಪರವಾನಗಿದಾರರಿಗೆ ಮಾತ್ರ ಸೇರಿದ್ದು. ಅಜ್ಜನ ಕೋವಿಯನ್ನು ಮೊಮ್ಮಗ ಗುಡ್ಡೆಗೆ ಒಯ್ದರೆ ಇಬ್ಬರೂ ತೊಂದರೆಗೆ ಸಿಲುಕುತ್ತಾರೆ.

ಮೂರನೆಯದು ಆಟದ ದೃಷ್ಟಿಯದು. ತೋಟದ ಕೋವಿ ಹೆಗಲಲ್ಲಿ ಹೊತ್ತು ನಡೆಯಲು ಹಗುರವಾಗಿರುತ್ತದೆ. ದಿನಕ್ಕೆ ನೂರಾರು ತೋಟಾ ಹಾರಿಸುವ ಕೆಲಸಕ್ಕೆ ಅದು ಆಗದು. ಹಗುರ ಕೋವಿಯ ಒದೆತ ಹೆಗಲನ್ನು ನೋಯಿಸುತ್ತದೆ. ಒದೆತಕ್ಕೆ ಹೆದರಿದ ಮಗು ಈಡಿಗೆ ಮೊದಲೇ ಕಣ್ಣುಮುಚ್ಚಲು ಕಲಿಯುತ್ತದೆ. ಆ ಅಭ್ಯಾಸವನ್ನು ಬಿಡಿಸುವುದು ಬಹಳ ಕಷ್ಟ.

ಘಟ್ಟದ ಮೇಲಿನ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗಳಿಗೆ ಪೂಜೆ ಸಲ್ಲಿಸುವುದನ್ನೂ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳನ್ನೂ ನಮ್ಮಲ್ಲಿ ಹಲವರು ನೋಡಿದ್ದಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಪರವಾನಗಿಯ ವಿನಾಯಿತಿ ಇದೆ. ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಆ ವಿನಾಯಿತಿ ಅವರದು, ನಮಗೆ ಅನ್ವಯಿಸದು. ಅಲ್ಲದೆ ತೆಂಗಿನಕಾಯಿ ಕದಲದ ಗುರಿ, ಮಣ್ಣಿನ ತಟ್ಟೆ ಹಾರುವ ಗುರಿ. ಎರಡಕ್ಕೂ ಬೇಕಾದ ಕೌಶಲ ಬೇರೆ ಬೇರೆ.

ಕೋವಿಯ ಆಯ್ಕೆ

*ಬೋರ್.* ಸ್ಪರ್ಧೆಗಳಲ್ಲಿ 12 ಬೋರ್‌ಗಿಂತ ದೊಡ್ಡ ಕೋವಿಗೆ ಅವಕಾಶವಿಲ್ಲ. ಬಹುತೇಕ ಎಲ್ಲರೂ 12 ಬೋರನ್ನೇ ಬಳಸುತ್ತಾರೆ. ಈ ಸಂಖ್ಯೆಯ ಅರ್ಥವನ್ನು ಮಕ್ಕಳು ಗಣಿತದ ಪಾಠವಾಗಿಯೂ ಕಲಿಯಬಹುದು. ಒಂದು ಪೌಂಡ್ ಸೀಸವನ್ನು 12 ಸಮಾನ ಗುಂಡುಗಳಾಗಿ ಮಾಡಿದರೆ ಒಂದು ಗುಂಡಿನ ವ್ಯಾಸ ಎಷ್ಟೋ ಅದೇ ನಳಿಗೆಯ ಒಳವ್ಯಾಸ, ಸುಮಾರು 18.5 ಮಿಲಿಮೀಟರ್. ಆದುದರಿಂದಲೇ 20 ಬೋರ್ ಕೋವಿಯ ನಳಿಗೆ 12 ಬೋರಿನದಕ್ಕಿಂತ ಸಣ್ಣದು.

*ನಳಿಗೆಗಳ ಜೋಡಣೆ.* ಕ್ರೀಡಾ ಕೋವಿಯಲ್ಲಿ ಎರಡು ನಳಿಗೆಗಳು ಅಕ್ಕಪಕ್ಕದಲ್ಲಿರದೆ ಒಂದರ ಮೇಲೊಂದು ಇರುತ್ತವೆ. ಕಣ್ಣಿನ ಮುಂದೆ ಒಂದೇ ಕಿರಿದಾದ ಪಟ್ಟಿ ಕಾಣುವುದರಿಂದ ಗುರಿ ಸ್ಪಷ್ಟವಾಗುತ್ತದೆ. ಕೋವಿಯನ್ನು ಮಡಚಿ ತೆರೆದಾಗ ಒಳಗೆ ತೋಟಾ ಇಲ್ಲವೆಂಬುದು ಪಕ್ಕದಲ್ಲಿರುವ ಎಲ್ಲರಿಗೂ ಕಾಣುತ್ತದೆ. ಮೈದಾನದಲ್ಲಿ ಇದು ಬಹಳ ದೊಡ್ಡ ಗುಣ.

*ನಳಿಗೆಯ ಉದ್ದ.* ಟ್ರ್ಯಾಪ್‌ಗೆ 76ರಿಂದ 81 ಸೆಂಟಿಮೀಟರ್, ಸ್ಕೀಟ್‌ಗೆ 71ರಿಂದ 76 ಸೆಂಟಿಮೀಟರ್ ಸಾಮಾನ್ಯ. ಉದ್ದ ನಳಿಗೆ ನಿಧಾನವಾಗಿ, ಸ್ಥಿರವಾಗಿ ತಿರುಗುತ್ತದೆ. ಗಿಡ್ಡ ನಳಿಗೆ ಬೇಗ ತಿರುಗುತ್ತದೆ, ಬೇಗ ನಿಲ್ಲುತ್ತದೆ. ಉದ್ದ ಹೆಚ್ಚಿದಷ್ಟೂ ಚರೆ ಬಹು ದೂರ ಹೋಗುತ್ತದೆ ಎಂಬ ಹಳ್ಳಿಯ ನಂಬಿಕೆ ನಿಜವಲ್ಲ. ಇಂದಿನ ಮದ್ದು ನಳಿಗೆಯ ಮೊದಲ ಭಾಗದಲ್ಲಿಯೇ ಬಹುತೇಕ ಉರಿದು ಮುಗಿಯುತ್ತದೆ.

*ಚೋಕ್.* ನಳಿಗೆಯ ತುದಿಯಲ್ಲಿ ಇರುವ ಸಣ್ಣ ಬಿಗಿತವೇ ಚೋಕ್. ನೀರಿನ ಪೈಪಿನ ಬಾಯಿಯನ್ನು ಬೆರಳಿನಿಂದ ಒತ್ತಿ ಹಿಡಿದಂತೆ ಅದು ಚರೆಗಳ ಹರಡುವಿಕೆಯನ್ನು ನಿಯಂತ್ರಿಸುತ್ತದೆ. ಸುಮಾರು 36 ಮೀಟರ್ ದೂರದಲ್ಲಿ 76 ಸೆಂಟಿಮೀಟರ್ ವ್ಯಾಸದ ವೃತ್ತದೊಳಗೆ ಎಷ್ಟು ಚರೆ ಬೀಳುತ್ತದೆ ಎಂಬುದು ಅಳತೆ. ಬಿಗಿತವೇ ಇಲ್ಲದ ನಳಿಗೆಯಲ್ಲಿ ಶೇ. 40, ಅರೆ ಬಿಗಿತದಲ್ಲಿ ಶೇ. 60, ಪೂರ್ಣ ಬಿಗಿತದಲ್ಲಿ ಶೇ. 70ರಷ್ಟು ಚರೆಗಳು ಆ ವೃತ್ತದೊಳಗಿರುತ್ತವೆ. ಸ್ಕೀಟ್‌ನಲ್ಲಿ ತಟ್ಟೆ 20 ಮೀಟರ್ ಆಸುಪಾಸಿನಲ್ಲಿ ಇರುವುದರಿಂದ ಹರಡುವ ಚೋಕ್ ಬೇಕು. ಟ್ರ್ಯಾಪ್‌ನಲ್ಲಿ ತಟ್ಟೆ ದೂರ ಓಡುತ್ತಿರುವುದರಿಂದ ಬಿಗಿಯಾದ ಚೋಕ್ ಬೇಕು. ಅರ್ಹತಾ ಸುತ್ತಿನಲ್ಲಿ ಒಂದು ತಟ್ಟೆಗೆ ಎರಡು ಈಡು ಹಾರಿಸಬಹುದು. ಎರಡನೆಯ ಈಡಿನ ವೇಳೆಗೆ ತಟ್ಟೆ ಇನ್ನಷ್ಟು ದೂರ ಹೋಗಿರುತ್ತದೆಯಾದ್ದರಿಂದ ಎರಡನೆಯ ನಳಿಗೆಯ ಬಿಗಿತ ಹೆಚ್ಚು. ಚೋಕನ್ನು ತಿರುಪಿನಂತೆ ಬಿಚ್ಚಿ ಹಾಕುವ ಕೋವಿಯಾದರೆ ಒಂದೇ ಕೋವಿಯಲ್ಲಿ ಎರಡೂ ಆಟಗಳನ್ನು ಕಲಿಯಬಹುದು.

*ತೂಕ.* ಕ್ರೀಡಾ ಕೋವಿಗಳು ಸಾಮಾನ್ಯವಾಗಿ ಮೂರೂವರೆಯಿಂದ ನಾಲ್ಕು ಕಿಲೋ ತೂಗುತ್ತವೆ. ತೂಕ ಹೆಚ್ಚಿದರೆ ಒದೆತ ಕಡಿಮೆ. ಆದರೆ ಬೆಳೆಯುವ ಮಗುವಿನ ತೋಳು ಅದನ್ನು ಸುತ್ತಿನ ಕೊನೆಯವರೆಗೆ ಹೊರಬಲ್ಲುದೇ ಎಂಬುದೇ ನಿಜವಾದ ಪರೀಕ್ಷೆ. ಖಾಲಿ ಕೋವಿಯನ್ನು 25 ಬಾರಿ ಹೆಗಲಿಗೇರಿಸಿ ಇಳಿಸಲು ಹೇಳಿ. ಕೊನೆಯ ಐದು ಬಾರಿ ನಳಿಗೆ ನಡುಗಿದರೆ ಆ ಕೋವಿ ಸದ್ಯಕ್ಕೆ ಆ ಮಗುವಿನದಲ್ಲ.

ತೋಟಾ

ಅಂತಾರಾಷ್ಟ್ರೀಯ ನಿಯಮದಂತೆ ತೋಟಾದಲ್ಲಿ ಚರೆಯ ತೂಕ 24 ಗ್ರಾಂ ಮೀರಬಾರದು. ಟ್ರ್ಯಾಪ್‌ಗೆ ಬಳಸುವ 2.4 ಮಿಲಿಮೀಟರ್ ಚರೆಯಾದರೆ ಒಂದು ತೋಟಾದಲ್ಲಿ ಸುಮಾರು 300 ಇರುತ್ತವೆ. ಸ್ಕೀಟ್‌ನ 2 ಮಿಲಿಮೀಟರ್ ಚರೆಯಾದರೆ ಸುಮಾರು 500. ಹಂದಿಗೆ ಬಳಸುವ ದಪ್ಪ ಚರೆಯ ತೋಟಾಗಳಿಗೆ ಈ ಮೈದಾನದಲ್ಲಿ ಪ್ರವೇಶವಿಲ್ಲ.

ಚರೆಗಳು ಹೊರಟಾಗ ಸೆಕೆಂಡಿಗೆ ಸುಮಾರು 400 ಮೀಟರ್ ವೇಗವಿರುತ್ತದೆ, ಗಾಳಿಯಲ್ಲಿ ಬೇಗ ಇಳಿಯುತ್ತದೆ. 20 ಮೀಟರ್ ಸಾಗಲು ಸೆಕೆಂಡಿನ ನೂರರಲ್ಲಿ ಆರು ಪಾಲು ಸಮಯ ಬೇಕೆಂದಿಟ್ಟುಕೊಳ್ಳೋಣ. ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಅಡ್ಡ ಹಾರುವ ತಟ್ಟೆ ಅಷ್ಟರಲ್ಲಿ 1.2 ಮೀಟರ್ ಮುಂದೆ ಹೋಗಿರುತ್ತದೆ. ಆದುದರಿಂದ ತಟ್ಟೆಗಲ್ಲ, ತಟ್ಟೆ ತಲುಪಲಿರುವ ಜಾಗಕ್ಕೆ ಹೊಡೆಯಬೇಕು. ಈ ಕ್ರೀಡೆಯ ಸಾರವೇ ಇದು.

ಮೈಗೆ ಹೊಂದಿಸುವುದು

ರೈಫಲ್‌ಗೆ ಹಿಂದೆ ಮುಂದೆ ಎರಡು ಗುರಿಕಣ್ಣುಗಳಿವೆ. ಶಾಟ್‌ಗನ್‌ಗೆ ಹಿಂದಿನದು ಇಲ್ಲ, ಹೊಡೆಯುವವನ ಕಣ್ಣೇ ಹಿಂದಿನ ಗುರಿಕಣ್ಣು. ಕೆನ್ನೆ ಹಿಡಿಯ ಮೇಲೆ ಎಲ್ಲಿ ಕೂರುತ್ತದೋ ಕಣ್ಣೂ ಅಲ್ಲಿಯೇ ನಿಲ್ಲುತ್ತದೆ. ಕಣ್ಣಿನಿಂದ ನಳಿಗೆಯ ತುದಿಗೆ ಸುಮಾರು ಒಂದು ಮೀಟರ್. ಕಣ್ಣು ಇರಬೇಕಾದುದಕ್ಕಿಂತ 3 ಮಿಲಿಮೀಟರ್ ಮೇಲಿದ್ದರೆ 30 ಮೀಟರ್ ದೂರದಲ್ಲಿ ಈಡು 9 ಸೆಂಟಿಮೀಟರ್ ಮೇಲೆ ಹೋಗುತ್ತದೆ. ಹೊಲಿಸಿದ ಅಂಗಿಯಂತೆ ಕೋವಿಯೂ ಮೈಗೆ ಒಪ್ಪಬೇಕು ಎಂಬ ಮಾತಿನ ಕಾರಣ ಇದು. ಗಮನಿಸಬೇಕಾದ ಅಳತೆಗಳು ನಾಲ್ಕು.

1. *ಹಿಡಿಯ ಉದ್ದ:* ಟ್ರಿಗರ್‌ನಿಂದ ಹಿಡಿಯ ಹಿಂಬದಿಯವರೆಗಿನ ದೂರ. ವಯಸ್ಕರಿಗೆ ಸುಮಾರು 36ರಿಂದ 37 ಸೆಂಟಿಮೀಟರ್, ಗಿಡ್ಡ ತೋಳಿನವರಿಗೂ ಮಕ್ಕಳಿಗೂ ಕಡಿಮೆ. ಉದ್ದ ಹೆಚ್ಚಾದರೆ ಎತ್ತುವಾಗ ಹಿಡಿ ಕಂಕುಳಿಗೆ ಸಿಕ್ಕಿಕೊಳ್ಳುತ್ತದೆ. ಕಡಿಮೆಯಾದರೆ ಒದೆತಕ್ಕೆ ಹೆಬ್ಬೆರಳು ಮೂಗಿಗೆ ಬಡಿಯುತ್ತದೆ. ಹಿಂಬದಿಯ ರಬ್ಬರ್ ಪ್ಯಾಡ್ ಬದಲಿಸಿ, ನಡುವೆ ಬಿಲ್ಲೆಗಳನ್ನು ಸೇರಿಸಿ ಇದನ್ನು ಸರಿಪಡಿಸಬಹುದು.

2. *ಕೆನ್ನೆಯಿಡುವ ಏಣಿನ ಎತ್ತರ:* ಟ್ರ್ಯಾಪ್‌ನ ತಟ್ಟೆ ಮೇಲೇರುತ್ತಿರುವುದರಿಂದ ಅದರ ಕೋವಿಯಲ್ಲಿ ಏಣು ತುಸು ಎತ್ತರ. ಎತ್ತರ ಬದಲಿಸಬಹುದಾದ ಏಣಿರುವ ಕೋವಿ ಬೆಳೆಯುವ ಮಕ್ಕಳಿಗೆ ಅನುಕೂಲ.

3. *ಹಿಡಿಯ ಬಾಗು:* ಬಲಗೈಯವರಿಗೆ ಹಿಡಿ ತುಸು ಬಲಕ್ಕೆ, ಎಡಗೈಯವರಿಗೆ ಎಡಕ್ಕೆ ಬಾಗಿರಬೇಕು. ಎಡಗೈ ಮಗುವಿಗೆ ಬಲಗೈ ಕೋವಿ ಕೊಟ್ಟು "ಅಭ್ಯಾಸವಾದರೆ ಸರಿಹೋಗುತ್ತದೆ" ಎನ್ನಬೇಡಿ.

4. *ಹಿಂಬದಿಯ ಓರೆ:* ಹಿಡಿಯ ಹಿಂಬದಿ ಮೇಲಿನಿಂದ ಕೆಳಗಿನವರೆಗೂ ಹೆಗಲಿಗೆ ಪೂರ್ತಿ ತಾಗಬೇಕು. ಒಂದು ತುದಿ ಮಾತ್ರ ಚುಚ್ಚುತ್ತಿದ್ದರೆ ಓರೆ ಸರಿಯಿಲ್ಲ. ಹೆಣ್ಣುಮಕ್ಕಳಿಗೆ ಇದನ್ನು ವಿಶೇಷವಾಗಿ ಪರೀಕ್ಷಿಸಬೇಕು.

ಪರೀಕ್ಷೆ ಸರಳ. ರೇಂಜ್‌ನಲ್ಲಿ ತರಬೇತುದಾರರ ಎದುರು, 15 ಮೀಟರ್ ದೂರದ ದೊಡ್ಡ ಕಾಗದದ ಫಲಕಕ್ಕೆ ಹೆಚ್ಚು ಹೊತ್ತು ಗುರಿ ನೋಡದೆ ಹಲವು ಈಡು ಹಾರಿಸಬೇಕು. ಚರೆಗಳ ಗುಂಪು ಒಂದೇ ಕಡೆಗೆ ಸರಿದಿದ್ದರೆ ತಪ್ಪು ಹೊಡೆಯುವವನದಲ್ಲ, ಅಳತೆಯದು. ಆ ದೂರದಲ್ಲಿ ಏಣನ್ನು ಒಂದೂವರೆ ಮಿಲಿಮೀಟರ್ ಏರಿಸಿದರೆ ಈಡು ಎರಡು ಸೆಂಟಿಮೀಟರಿಗಿಂತ ತುಸು ಹೆಚ್ಚು ಮೇಲೇರುತ್ತದೆ.

ಇದಕ್ಕೆಲ್ಲ ಮೊದಲು ಕಣ್ಣಿನ ಪರೀಕ್ಷೆ ಆಗಬೇಕು. ಎರಡೂ ಕೈಗಳನ್ನು ಚಾಚಿ ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ದೂರದ ವಸ್ತುವೊಂದನ್ನು ಅದರಲ್ಲಿ ನೋಡಲಿ. ನಂತರ ಒಂದೊಂದೇ ಕಣ್ಣು ಮುಚ್ಚಲಿ. ಯಾವ ಕಣ್ಣಿಗೆ ವಸ್ತು ಕಿಂಡಿಯಲ್ಲಿಯೇ ಉಳಿಯುತ್ತದೋ ಅದೇ ಬಲವಾದ ಕಣ್ಣು. ಬಲಗೈಯ ಮಗುವಿಗೆ ಎಡಗಣ್ಣು ಬಲವಾಗಿದ್ದರೆ ಎಡ ಹೆಗಲಿನಿಂದ ಕಲಿಸುವುದೋ, ಕನ್ನಡಕದ ಎಡಗಾಜಿಗೆ ಸಣ್ಣ ಪಟ್ಟಿ ಅಂಟಿಸುವುದೋ ಎಂಬುದನ್ನು ತರಬೇತುದಾರರು ಆರಂಭದಲ್ಲಿಯೇ ನಿರ್ಧರಿಸಬೇಕು.

ಮುಟ್ಟಬಾರದವು

ಹೊಂದಿಸುವುದು ಎಂದರೆ ಮನಬಂದಂತೆ ಕತ್ತರಿಸುವುದಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯ 6ನೆಯ ಕಲಮಿನಂತೆ, ಅದಕ್ಕೆಂದೇ ಪರವಾನಗಿ ಇಲ್ಲದೆ ನಳಿಗೆಯನ್ನು ಗಿಡ್ಡ ಮಾಡುವುದು ಅಪರಾಧ. ದುರಸ್ತಿಯನ್ನೂ ಪರವಾನಗಿ ಇರುವ ಕೋವಿ ಅಂಗಡಿಯವರೇ ಮಾಡಬೇಕು. ಊರ ಕಮ್ಮಾರರು ಎಷ್ಟೇ ನಿಪುಣರಾಗಿದ್ದರೂ ಕೊಡಬಾರದು. ಪ್ಯಾಡ್, ಏಣು, ಚೋಕ್, ಹಿಡಿಯ ಮರ ಇವು ಹೊಂದಿಸತಕ್ಕವು. ನಳಿಗೆ, ಟ್ರಿಗರ್‌ನ ಒಳಭಾಗ, ಸುರಕ್ಷತಾ ಕೀಲಿ ಇವುಗಳಿಗೆ ಮನೆಯಲ್ಲಿ ಯಾರೂ ಕೈಹಾಕಕೂಡದು.

ಮೈದಾನದ ಶಿಸ್ತೂ ಹೊಂದಾಣಿಕೆಯಷ್ಟೇ ಮುಖ್ಯ. ಸರದಿ ಬರುವವರೆಗೆ ಕೋವಿ ತೆರೆದು ಖಾಲಿಯಾಗಿರಬೇಕು. ನಳಿಗೆ ಯಾರ ಕಡೆಗೂ ತಿರುಗಬಾರದು. ಈಡಿನ ಸದ್ದು 140 ಡೆಸಿಬೆಲ್ ಮೀರುವುದರಿಂದ ಕಿವಿಗೆ ರಕ್ಷಣೆ ಬೇಕೇ ಬೇಕು. ಚೂರುಗಳು ಹಾರುವುದರಿಂದ ಕನ್ನಡಕ ಬೇಕು. ಸೀಸ ವಿಷವಾದುದರಿಂದ ಕೈ ತೊಳೆಯದೆ ತಿಂಡಿ ಮುಟ್ಟಬಾರದು.

ಪರವಾನಗಿ ಮತ್ತು ಖರ್ಚು

ಸಾಮಾನ್ಯ ಕೋವಿ ಪರವಾನಗಿಗೆ 21 ವರ್ಷ ತುಂಬಿರಬೇಕು. ಕಿರಿಯರು ಮಾನ್ಯತೆ ಪಡೆದ ಕ್ಲಬ್ಬಿನಲ್ಲಿ, ತರಬೇತುದಾರರ ಕಣ್ಗಾವಲಿನಲ್ಲಿ ಕ್ರೀಡಾ ನಿಯಮಗಳಡಿ ಕಲಿಯಬೇಕು. ನಮ್ಮ ಜಿಲ್ಲೆಯಲ್ಲಿ ಅರ್ಜಿ ಜಿಲ್ಲಾಧಿಕಾರಿಗಳಿಗೆ ಸಲ್ಲುತ್ತದೆ, ಪೊಲೀಸ್ ವರದಿಯಾಗುತ್ತದೆ. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ 5 ವರ್ಷ. ಒಬ್ಬರಿಗೆ ಸಾಮಾನ್ಯವಾಗಿ ಎರಡೇ ಕೋವಿ. ಮಾನ್ಯತೆ ಪಡೆದ ಕ್ರೀಡಾಪಟುಗಳಿಗೆ ಬೇರೆ ರಿಯಾಯಿತಿಗಳಿವೆ. ಅರ್ಜಿಯ ನಮೂನೆ ಇಂಗ್ಲಿಷಿನಲ್ಲಿದ್ದರೂ, ಅದರ ಕುರಿತ ವಿಚಾರಣೆ, ಮನವಿ, ದೂರುಗಳನ್ನು ಕನ್ನಡದಲ್ಲಿ ಬರೆಯಲು ಸಂಕೋಚಪಡಬೇಕಾಗಿಲ್ಲ. ಕೇರಳದ 1969ರ ಆಡಳಿತ ಭಾಷಾ ಕಾಯಿದೆಯು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಆ ಅವಕಾಶ ಕೊಟ್ಟಿದೆ. ಬಳಸದ ಹಕ್ಕು ತುಕ್ಕು ಹಿಡಿಯುತ್ತದೆ.

ಖರ್ಚಿನ ವಿಷಯವನ್ನು ಮುಚ್ಚಿಡುವುದು ಸರಿಯಲ್ಲ. ಪೆರಾಜಿ, ಬೆರೆಟ್ಟಾ, ಬ್ರೌನಿಂಗ್, ಕ್ರೀಗ್‌ಹಾಫ್ ಮುಂತಾದ ವಿದೇಶಿ ಸ್ಪರ್ಧಾ ಕೋವಿಗಳಿಗೆ ಹಲವು ಲಕ್ಷ ರೂಪಾಯಿಗಳಾಗುತ್ತವೆ. ಸಾಮಾನ್ಯರು ಅವನ್ನು ಹೊರದೇಶದಿಂದ ತರಿಸಲು ಕಟ್ಟುನಿಟ್ಟಿನ ನಿರ್ಬಂಧವಿದೆ. ಅದಕ್ಕಿಂತ ದೊಡ್ಡ ಖರ್ಚು ತೋಟಾದ್ದು. ಟ್ರ್ಯಾಪ್‌ನ ಒಂದು ಸುತ್ತಿಗೆ 50ರವರೆಗೆ, 125 ತಟ್ಟೆಗಳ ಸ್ಪರ್ಧೆಗೆ 250ರವರೆಗೆ ತೋಟಾ ಬೇಕಾಗಬಹುದು. ತೋಟ ಅಡವಿಟ್ಟು ಕೋವಿ ಕೊಳ್ಳುವುದು ಬೇಡ.

ಹಾಗಾದರೆ ಹಾದಿ ಯಾವುದು?

ಮೊದಲು ಎನ್‌ಸಿಸಿ ಅಥವಾ 10 ಮೀಟರ್ ಏರ್ ರೈಫಲ್. ಉಸಿರಿನ ಹಿಡಿತ, ಟ್ರಿಗರ್‌ನ ಮೇಲಿನ ಬೆರಳಿನ ಶಿಸ್ತು, ಕೋವಿಯ ಬಗೆಗಿನ ಗೌರವ ಅಲ್ಲಿಯೇ ಬರುತ್ತದೆ, ಕಡಿಮೆ ಖರ್ಚಿನಲ್ಲಿ. ಆ ಹಾದಿಯನ್ನೇ ಕೊನೆಯವರೆಗೆ ಹಿಡಿದರೂ ನಷ್ಟವಿಲ್ಲ. ಬೆಂಗಳೂರಿನ ಪ್ರಕಾಶ್ ನಂಜಪ್ಪ ಪಿಸ್ತೂಲಿನಿಂದಲೇ 2016ರ ರಿಯೊ ಒಲಿಂಪಿಕ್ಸ್‌ಗೆ ಹೋದರು. ಎರಡನೆಯದು, ರಾಜ್ಯ ರೈಫಲ್ ಸಂಸ್ಥೆಯ ಮಾನ್ಯತೆಯಿರುವ ಕ್ಲಬ್ಬಿನ ಸದಸ್ಯತ್ವ. ಅಲ್ಲಿಂದ ಮಾವಳಂಕರ್ ಚಾಂಪಿಯನ್‌ಷಿಪ್‌ನಂಥ ಮೆಟ್ಟಿಲುಗಳನ್ನು ದಾಟಿ ರಾಷ್ಟ್ರೀಯ ಕೂಟಕ್ಕೆ ಹೋಗಬೇಕು. ಮೂರನೆಯದು, ಕ್ಲಬ್ಬಿನ ಕೋವಿಯಲ್ಲಿಯೇ ಒಂದೆರಡು ವರ್ಷ ಅಭ್ಯಾಸ. ಸ್ವಂತ ಕೋವಿ ನಾಲ್ಕನೆಯದು, ಮಗುವಿನ ಬೆಳವಣಿಗೆ ನಿಂತ ಮೇಲೆ.

ಮಕ್ಕಳಿಗಾಗಿ ಪದಗಳು

ನಳಿಗೆ: ಚರೆ ಸಾಗುವ ಕೊಳವೆ, ಬ್ಯಾರಲ್.
ಹಿಡಿ: ಹೆಗಲಿಗೆ ತಾಗುವ ಮರದ ಭಾಗ, ಸ್ಟಾಕ್.
ಏಣು: ಹಿಡಿಯ ಮೇಲೆ ಕೆನ್ನೆಯಿಡುವ ಅಂಚು, ಕೋಂಬ್.
ತೋಟಾ: ಮದ್ದು, ಚರೆ ತುಂಬಿದ ಕಾರ್ಟ್ರಿಜ್.
ಚರೆ: ಸಣ್ಣ ಸೀಸದ ಗುಂಡು.
ಈಡು: ಒಂದು ಬಾರಿ ಹಾರಿಸುವುದು.
ಒದೆತ: ಹಾರಿಸಿದಾಗ ಕೋವಿ ಹಿಂದಕ್ಕೆ ತಳ್ಳುವುದು.

ಪ್ರಶ್ನೆ ಕೇಳಿದ ಹುಡುಗ ಈಗ ಶಾಲೆಯ ಎನ್‌ಸಿಸಿಯಲ್ಲಿದ್ದಾನೆ. ಅಜ್ಜನ ಬೆಡಿ ಬೀಗದ ಕಪಾಟಿನಲ್ಲಿದೆ, ತೋಟಾಗಳು ಬೇರೊಂದು ಬೀಗದಲ್ಲಿವೆ. ಎರಡೂ ಇರಬೇಕಾದ ಜಾಗದಲ್ಲಿಯೇ ಇವೆ. ಕೋವಿಯಿರುವ ಮನೆಗಳೆಲ್ಲ ಇಂದು ಸಂಜೆಯೇ ತಮ್ಮ ಕಪಾಟಿನ ಬೀಗವನ್ನೊಮ್ಮೆ ನೋಡಿಕೊಳ್ಳಬೇಕೆಂದು ವಿನಂತಿಸುತ್ತೇವೆ.